ವೆಬ್‌ಕಾಸ್ಟಿಂಗ್ ಮತ್ತು ನೇರಪ್ರಸಾರ: ಪದಗಳ ಅರ್ಥ ಹಾಗೂ ಬಳಕೆ

ಪೀಠಿಕೆ

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯು ಶಿವಮೊಗ್ಗ, ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿಗಳಿಗೆ ಸಾಗುವ ರಸ್ತೆಗಳು ಕೂಡುವ ಊರಾಗಿದೆ. ಕಳೆದ ಕೆಲವು ವರ್ಷಗಳಲ್ಲಿ ಇಂತಹ ಊರುಗಳ ನಾಗರಿಕರು ಒಂದು ಪದವನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಕೇಳುತ್ತಿದ್ದಾರೆ. ಚುನಾವಣೆಯ ಸಮಯದಲ್ಲಿ ಮತಗಟ್ಟೆಗೆ "ವೆಬ್‌ಕಾಸ್ಟಿಂಗ್" ವ್ಯವಸ್ಥೆ ಮಾಡಲಾಗಿದೆ ಎಂಬ ಪ್ರಕಟಣೆ ಹೊರಡುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷಾ ಕೇಂದ್ರಗಳಲ್ಲಿಯೂ "ವೆಬ್‌ಕಾಸ್ಟಿಂಗ್" ಇರುತ್ತದೆ ಎಂದು ಪೋಷಕರಿಗೆ ತಿಳಿಸಲಾಗುತ್ತದೆ. ಉಚ್ಚ ನ್ಯಾಯಾಲಯದ ಕಲಾಪದ "ನೇರಪ್ರಸಾರ"ವನ್ನು ಮೊಬೈಲಿನಲ್ಲಿ ನೋಡಬಹುದು ಎಂಬ ಸುದ್ದಿ ಬರುತ್ತದೆ. ಮದುವೆ, ರಥೋತ್ಸವ, ಯಕ್ಷಗಾನ ಬಯಲಾಟಗಳ ಆಹ್ವಾನ ಪತ್ರಿಕೆಗಳಲ್ಲಿಯೂ "ಲೈವ್ ಇರುತ್ತದೆ" ಎಂಬ ಸಾಲು ಕಾಣಿಸಿಕೊಳ್ಳುತ್ತಿದೆ.

ಈ ಎಲ್ಲ ಸಂದರ್ಭಗಳಲ್ಲಿ ಬಳಕೆಯಾಗುವ ತಂತ್ರಜ್ಞಾನವು ಬಹುಮಟ್ಟಿಗೆ ಒಂದೇ ಆಗಿದೆ. ಆದರೆ ಅದನ್ನು ಯಾರು ನೋಡುತ್ತಾರೆ, ಅದು ಎಷ್ಟು ಕಾಲ ಉಳಿಯುತ್ತದೆ, ಅದನ್ನು ಹಂಚಬಹುದೇ ಎಂಬ ವಿಷಯಗಳಲ್ಲಿ ಅಪಾರ ವ್ಯತ್ಯಾಸವಿದೆ. ಈ ವ್ಯತ್ಯಾಸವು ತಿಳಿಯದಿದ್ದಲ್ಲಿ ಮತದಾರನೊಬ್ಬನು "ನನ್ನ ಮತವು ಎಲ್ಲರಿಗೂ ಕಾಣುತ್ತದೆ" ಎಂದು ಅಂಜಿ ಮತಗಟ್ಟೆಗೆ ಹೋಗದಿರುವ ಸಾಧ್ಯತೆಯುಂಟು. ಆದುದರಿಂದ ಈ ಪದಗಳ ಅರ್ಥವನ್ನೂ ಸರಿಯಾದ ಬಳಕೆಯನ್ನೂ ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಪದದ ಮೂಲ

"ವೆಬ್‌ಕಾಸ್ಟ್" ಎಂಬುದು ಇಂಗ್ಲಿಷಿನ "ವೆಬ್" ಮತ್ತು "ಬ್ರಾಡ್‌ಕಾಸ್ಟ್" ಎಂಬ ಎರಡು ಪದಗಳನ್ನು ಬೆಸೆದು ಮಾಡಿದ ಪದ. ಇದು 1990ರ ದಶಕದಲ್ಲಿ ಅಂತರಜಾಲವು ಜನಬಳಕೆಗೆ ಬಂದಾಗ ಚಾಲ್ತಿಗೆ ಬಂದಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯು 1995ರ ಆಗಸ್ಟ್ 15ರಂದು ಆರಂಭವಾಯಿತು.

"ಬ್ರಾಡ್‌ಕಾಸ್ಟ್" ಎಂಬ ಪದವು ರೇಡಿಯೋಗಿಂತ ಹಳೆಯದು. ಅದು ಮೂಲತಃ ಬೇಸಾಯದ ಪದ. ಬೀಜವನ್ನು ಸಾಲಿನಲ್ಲಿ ಊರದೆ, ಕೈಯಿಂದ ಗದ್ದೆಯ ತುಂಬ ಎರಚುವ ಕ್ರಮಕ್ಕೆ ಆ ಹೆಸರಿತ್ತು. ನಮ್ಮ ರೈತರು ಇದನ್ನು ಚೆಲ್ಲು ಬಿತ್ತನೆ ಎನ್ನುತ್ತಾರೆ. 1920ರ ದಶಕದಲ್ಲಿ ರೇಡಿಯೋ ಬಂದಾಗ, ಒಂದೆಡೆಯಿಂದ ಎಲ್ಲ ದಿಕ್ಕಿಗೂ ಧ್ವನಿಯನ್ನು ಚೆಲ್ಲುವ ಕಾರ್ಯಕ್ಕೆ ಅದೇ ಪದವನ್ನು ಅನ್ವಯಿಸಲಾಯಿತು. ಬೀಜ ಚೆಲ್ಲುವವನಿಗೆ ಯಾವ ಕಾಳು ಎಲ್ಲಿ ಬಿದ್ದಿತೆಂಬುದು ತಿಳಿಯದು. ಹಾಗೆಯೇ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಂದ್ರಕ್ಕೆ, ತನ್ನ ಕಾರ್ಯಕ್ರಮವನ್ನು ಯಾವ ಮನೆಯಲ್ಲಿ ಯಾರು ಕೇಳುತ್ತಿದ್ದಾರೆಂಬುದು ತಿಳಿಯುವಂತಿರಲಿಲ್ಲ. ರೇಡಿಯೋ ಇದ್ದವರೆಲ್ಲರೂ ಕೇಳಬಹುದಾಗಿತ್ತು.

ಅಂತರಜಾಲದ ಪ್ರಸಾರವು ಹೀಗಲ್ಲ. ಸಾಮಾನ್ಯವಾಗಿ ಪ್ರತಿಯೊಬ್ಬ ವೀಕ್ಷಕನ ಮೊಬೈಲ್ ಅಥವಾ ಗಣಕಯಂತ್ರವು ಮೊದಲು ದೃಶ್ಯವನ್ನು ಕೋರುತ್ತದೆ. ಬಳಿಕ ಆ ಒಂದು ಯಂತ್ರಕ್ಕೆ ಪ್ರತ್ಯೇಕವಾಗಿ ಮಾಹಿತಿಯು ಹರಿದುಬರುತ್ತದೆ. ಇದನ್ನು ಬಿತ್ತನೆಗಿಂತ ನಾಟಿಗೆ ಹೋಲಿಸುವುದು ಹೆಚ್ಚು ಸೂಕ್ತ. ಒಂದೊಂದು ಸಸಿಯನ್ನು ಒಂದೊಂದು ಸ್ಥಳದಲ್ಲಿ ನೆಡುವಂತೆ, ಒಂದೊಂದು ಹರಿವು ಒಂದೊಂದು ಯಂತ್ರವನ್ನು ತಲುಪುತ್ತದೆ. ಈ ಕಾರಣದಿಂದಲೇ ಅಂತರಜಾಲದ ನೇರ ದೃಶ್ಯವನ್ನು ಲಕ್ಷಾಂತರ ಜನರಿಗೆ ತೆರೆದಿಡಲೂ ಸಾಧ್ಯ. ಸಂಕೇತಪದವುಳ್ಳ ಹತ್ತು ಮಂದಿ ಅಧಿಕಾರಿಗಳಿಗೆ ಮಾತ್ರ ಸೀಮಿತಗೊಳಿಸಲೂ ಸಾಧ್ಯ. "ವೆಬ್‌ಕಾಸ್ಟ್" ಎಂಬ ಪದವು ಈ ಎರಡನ್ನೂ ಒಳಗೊಳ್ಳುತ್ತದೆ. ಗೊಂದಲಕ್ಕೆ ಕಾರಣವೂ ಇದೇ ಆಗಿದೆ.

ಕನ್ನಡದಲ್ಲಿರುವ ಪದಗಳು

ಪ್ರಸಾರ ಮಾಧ್ಯಮಗಳಿಗೆ ಹೆಸರಿಡುವುದರಲ್ಲಿ ಕನ್ನಡನಾಡಿಗೆ ಹಿರಿದಾದ ಪರಂಪರೆಯಿದೆ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ "ಆಕಾಶವಾಣಿ" ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿ ಎಂದು ಹೇಳಲಾಗುತ್ತದೆ. ಮುಂದೆ 1950ರ ದಶಕದಲ್ಲಿ ಅದೇ ಹೆಸರನ್ನು ಇಡೀ ದೇಶದ ರೇಡಿಯೋ ಸೇವೆಗೆ ಅಂಗೀಕರಿಸಲಾಯಿತು.

ಅಂತರಜಾಲ ಪ್ರಸಾರಕ್ಕೆ ಸಂಬಂಧಿಸಿದಂತೆ ಕನ್ನಡದಲ್ಲಿ ಬಳಕೆಯಲ್ಲಿರುವ ಅಥವಾ ಬಳಸಬಹುದಾದ ಪದಗಳು ಈ ಕೆಳಕಂಡಂತಿವೆ.

1. ಪ್ರಸಾರ: ಹರಡುವಿಕೆ ಎಂಬರ್ಥದ ಸಂಸ್ಕೃತ ಪದ. ರೇಡಿಯೋ, ದೂರದರ್ಶನ, ಅಂತರಜಾಲ ಮೂರಕ್ಕೂ ಸಲ್ಲುತ್ತದೆ.

2. ಬಿತ್ತರ, ಬಿತ್ತರಿಸು: ಇದು ಸಂಸ್ಕೃತದ "ವಿಸ್ತರ" ಪದದ ತದ್ಭವ. ಹರಹು, ವಿವರ ಎಂಬುದು ಇದರ ಹಳೆಯ ಅರ್ಥ. ಬೀಜ "ಬಿತ್ತು" ಎಂಬ ಅಚ್ಚಗನ್ನಡ ಕ್ರಿಯಾಪದದಿಂದ ಇದು ಹುಟ್ಟಿದ್ದಲ್ಲ. ಆದರೂ ಇಂಗ್ಲಿಷ್ ಪದವು ಬಿತ್ತನೆಯಿಂದಲೇ ಬಂದಿರುವುದರಿಂದ, ಈ ಧ್ವನಿಸಾಮ್ಯವು ಆಕಸ್ಮಿಕವಾಗಿ ಚೆನ್ನಾಗಿ ಹೊಂದಿಕೊಂಡಿದೆ.

3. ನೇರಪ್ರಸಾರ: ಘಟನೆ ನಡೆಯುತ್ತಿರುವಾಗಲೇ ಅದನ್ನು ಪ್ರಸಾರ ಮಾಡುವುದು. ಕ್ರಿಕೆಟ್ ಪಂದ್ಯಗಳ ಹಾಗೂ ಮೈಸೂರು ದಸರಾ ಮೆರವಣಿಗೆಯ ಪ್ರಸಾರದಿಂದ ಇದು ಮನೆಮನೆಗೂ ಪರಿಚಿತವಾದ ಪದ.

4. ಜಾಲಪ್ರಸಾರ: ಅಂತರಜಾಲದ ಮೂಲಕ ಮಾಡುವ ಪ್ರಸಾರ. ಇದು ನೇರವೂ ಆಗಿರಬಹುದು, ಮೊದಲೇ ಮುದ್ರಿಸಿಟ್ಟದ್ದೂ ಆಗಿರಬಹುದು.

5. ಲೈವ್ ಸ್ಟ್ರೀಮಿಂಗ್: ಇಂಗ್ಲಿಷಿನಲ್ಲಿ "ಸ್ಟ್ರೀಮ್" ಎಂದರೆ ತೊರೆ. ದೃಶ್ಯವು ಪೂರ್ಣವಾಗಿ ಬಂದು ಸಂಗ್ರಹವಾಗುವವರೆಗೆ ಕಾಯದೆ, ತೊರೆಯ ನೀರಿನಂತೆ ಹರಿದುಬರುತ್ತಿರುವಾಗಲೇ ನೋಡುವುದು ಎಂಬುದು ಇದರ ಭಾವ.

"ನೇರ" ಎಂದರೇನು?

ರಿಪ್ಪನ್‌ಪೇಟೆಗೆ ಸಮೀಪದ ಅರಸಾಳು ರೈಲು ನಿಲ್ದಾಣವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಅವರು ನಿರ್ದೇಶಿಸಿದ "ಮಾಲ್ಗುಡಿ ಡೇಸ್" ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳನ್ನು ಅಲ್ಲಿ ಚಿತ್ರೀಕರಿಸಲಾಗಿತ್ತು. 1980ರ ದಶಕದಲ್ಲಿ ದೇಶದ ಜನರು ಅದನ್ನು ದೂರದರ್ಶನದಲ್ಲಿ ನೋಡಿದರು. ಅದು ಪ್ರಸಾರವೇ ಹೊರತು ನೇರಪ್ರಸಾರವಲ್ಲ. ಜನರು ನೋಡುವ ವೇಳೆಗೆ ಚಿತ್ರೀಕರಣವು ಮುಗಿದು ಬಹುಕಾಲವಾಗಿತ್ತು. ಇಂದು ಅದೇ ನಿಲ್ದಾಣದಲ್ಲಿ ನಿಂತು ಒಬ್ಬರು ಮೊಬೈಲಿನ ಮೂಲಕ ರೈಲು ಬರುವುದನ್ನು ಅದೇ ಕ್ಷಣ ಇತರರಿಗೆ ತೋರಿಸಿದಲ್ಲಿ ಅದು ನೇರ ಜಾಲಪ್ರಸಾರವಾಗುತ್ತದೆ.

ನೇರ ಜಾಲಪ್ರಸಾರದ ಕಾರ್ಯವಿಧಾನವು ಸಂಕ್ಷೇಪವಾಗಿ ಹೀಗಿದೆ. ಕ್ಯಾಮೆರಾ ಸೆರೆಹಿಡಿದ ದೃಶ್ಯವನ್ನು ಮೊದಲು ಸಂಕುಚಿತಗೊಳಿಸಲಾಗುತ್ತದೆ. ಬಳಿಕ ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ವಿಂಗಡಿಸಿ ದೂರದ ಸರ್ವರಿಗೆ ಕಳುಹಿಸಲಾಗುತ್ತದೆ. ವೀಕ್ಷಕರ ಯಂತ್ರವು ಆ ತುಣುಕುಗಳನ್ನು ಪಡೆದು, ಕೆಲವನ್ನು ಮುಂಗಡವಾಗಿ ಕೂಡಿಟ್ಟುಕೊಂಡು, ಕ್ರಮವಾಗಿ ತೋರಿಸುತ್ತದೆ. ಆದ್ದರಿಂದ "ನೇರ" ಎನಿಸಿಕೊಂಡ ದೃಶ್ಯವೂ ಸಾಮಾನ್ಯವಾಗಿ ಕೆಲವು ಸೆಕೆಂಡುಗಳಷ್ಟು ತಡವಾಗಿ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ನೇರವಾಗಿ ತೋರಿಸುವುದು ಬೇರೆ, ಮುದ್ರಿಸಿ ಉಳಿಸಿಕೊಳ್ಳುವುದು ಬೇರೆ, ಸಾರ್ವಜನಿಕರಿಗೆ ತೆರೆದಿಡುವುದು ಬೇರೆ. ಈ ಮೂರು ಒಟ್ಟಿಗೆ ಇರಬೇಕೆಂದಿಲ್ಲ. ಕೆಳಗಿನ ಮೂರು ಸಂದರ್ಭಗಳಿಂದ ಇದು ಸ್ಪಷ್ಟವಾಗುತ್ತದೆ.

ಮತಗಟ್ಟೆಯಲ್ಲಿ ವೆಬ್‌ಕಾಸ್ಟಿಂಗ್

2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್‌ವಿಂಗಡಣೆಯ ನಂತರ ಹೊಸನಗರ ತಾಲ್ಲೂಕು ಸಾಗರ ಹಾಗೂ ತೀರ್ಥಹಳ್ಳಿ ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. 2023ರ ಮೇ 10ರಂದು ನಡೆದ ರಾಜ್ಯ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಅರ್ಧದಷ್ಟು ಮತಗಟ್ಟೆಗಳಲ್ಲಿ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಮಾಡಲಾಗುವುದೆಂದು ಭಾರತ ಚುನಾವಣಾ ಆಯೋಗವು ಪ್ರಕಟಿಸಿತ್ತು. 2025ರ ಜೂನ್ ತಿಂಗಳಿನಲ್ಲಿ ಆಯೋಗವು ಅಂತರಜಾಲ ಸಂಪರ್ಕವಿರುವ ಎಲ್ಲ ಮತಗಟ್ಟೆಗಳಿಗೂ ಇದನ್ನು ವಿಸ್ತರಿಸಲು ಸೂಚಿಸಿತು. ಸಂಪರ್ಕವಿಲ್ಲದೆಡೆ ವಿಡಿಯೋ ಅಥವಾ ಛಾಯಾಚಿತ್ರ ದಾಖಲೆಯಂತಹ ಪರ್ಯಾಯ ವ್ಯವಸ್ಥೆ ಮಾಡಬೇಕಾಗುತ್ತದೆ.

ಇಲ್ಲಿ ದೃಶ್ಯವನ್ನು ನೋಡುವವರು ನಿಯಂತ್ರಣ ಕೊಠಡಿಯಲ್ಲಿರುವ ಚುನಾವಣಾ ಅಧಿಕಾರಿಗಳು. ಮತಗಟ್ಟೆಯಲ್ಲಿ ಗಲಾಟೆ, ಬೆದರಿಕೆ, ಅಕ್ರಮ ಮತದಾನ ನಡೆಯದಂತೆ ನಿಗಾ ವಹಿಸುವುದು ಇದರ ಉದ್ದೇಶ. ಮತಯಂತ್ರವನ್ನು ಇರಿಸಿದ ಮರೆಯ ಒಳಭಾಗವು ಕಾಣದಂತೆ ಕ್ಯಾಮೆರಾವನ್ನು ಇರಿಸತಕ್ಕದ್ದು. ಮತದಾರರು ಸರದಿಯಲ್ಲಿ ಬರುವುದು, ಗುರುತಿನ ಪರಿಶೀಲನೆ, ಬೆರಳಿಗೆ ಶಾಯಿ ಹಚ್ಚುವುದು ಕಾಣಬಹುದು. ಯಾವ ಗುಂಡಿಯನ್ನು ಒತ್ತಿದರೆಂಬುದು ಕಾಣದು. ಮತದಾನದ ಗೋಪ್ಯತೆಯನ್ನು ಕಾಪಾಡುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 128ನೇ ಪ್ರಕರಣದ ಮೇರೆಗೆ ಚುನಾವಣಾ ಕರ್ತವ್ಯದಲ್ಲಿರುವವರ ಹೊಣೆ. ಅದನ್ನು ಉಲ್ಲಂಘಿಸಿದವರಿಗೆ ಮೂರು ತಿಂಗಳವರೆಗೆ ಕಾರಾವಾಸ ಅಥವಾ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು.

ಈ ದೃಶ್ಯ ದಾಖಲೆಗಳನ್ನು ಸಾರ್ವಜನಿಕರಿಗೆ ತೋರಿಸಬೇಕೇ ಎಂಬುದು ಇತ್ತೀಚೆಗೆ ದೇಶವ್ಯಾಪಿ ಚರ್ಚೆಗೆ ಒಳಗಾದ ವಿಷಯ. 2024ರ ಡಿಸೆಂಬರ್‌ನಲ್ಲಿ 1961ರ ಚುನಾವಣೆ ನಡೆಸುವ ನಿಯಮಗಳ 93ನೇ ನಿಯಮಕ್ಕೆ ತಿದ್ದುಪಡಿ ತರಲಾಯಿತು. ಅದರಂತೆ ವೆಬ್‌ಕಾಸ್ಟಿಂಗ್ ಹಾಗೂ ಸಿ.ಸಿ.ಟಿ.ವಿ. ದೃಶ್ಯಗಳಂತಹ ದಾಖಲೆಗಳು ಸಾರ್ವಜನಿಕ ಪರಿಶೀಲನೆಯ ವ್ಯಾಪ್ತಿಯಿಂದ ಹೊರಗುಳಿದವು. ಮತದಾರರ ಖಾಸಗಿತನ ಹಾಗೂ ಸುರಕ್ಷತೆಯನ್ನು ಇದಕ್ಕೆ ಕಾರಣವಾಗಿ ನೀಡಲಾಯಿತು. ಪಾರದರ್ಶಕತೆಗೆ ಇದು ಧಕ್ಕೆಯೆಂದು ಆಕ್ಷೇಪಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಲಾಯಿತು. ಚುನಾವಣಾ ತಕರಾರು ಅರ್ಜಿ ಸಲ್ಲಿಕೆಯಾಗದಿದ್ದಲ್ಲಿ ಫಲಿತಾಂಶದ 45 ದಿನಗಳ ಬಳಿಕ ದೃಶ್ಯಗಳನ್ನು ಅಳಿಸಬಹುದೆಂದು ಆಯೋಗವು 2025ರ ಮೇ ತಿಂಗಳಿನಲ್ಲಿ ಸೂಚಿಸಿತು. ತಕರಾರು ಅರ್ಜಿ ಸಲ್ಲಿಸಲು ಕಾನೂನು ನೀಡಿರುವ ಕಾಲಾವಕಾಶವೂ 45 ದಿನಗಳೇ ಆಗಿದೆ.

ಪರೀಕ್ಷಾ ಕೊಠಡಿಯಲ್ಲಿ ವೆಬ್‌ಕಾಸ್ಟಿಂಗ್

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ವೆಬ್‌ಕಾಸ್ಟಿಂಗ್ ವ್ಯವಸ್ಥೆಯನ್ನು ಅಳವಡಿಸಿತು. ಕೊಠಡಿಗಳಲ್ಲಿನ ಕ್ಯಾಮೆರಾಗಳ ದೃಶ್ಯವನ್ನು ಅಧಿಕಾರಿಗಳು ದೂರದಿಂದಲೇ ವೀಕ್ಷಿಸಿದರು. ರಾಜ್ಯದ ಫಲಿತಾಂಶವು 2023ರ ಶೇ 83.89ರಿಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಸಹ, ಕೃಪಾಂಕ ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ ಶೇ 25ಕ್ಕೆ ತಗ್ಗಿಸಿ, ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಹೆಚ್ಚಿಸಿದ ನಂತರದ ಫಲಿತಾಂಶ. ನಕಲು ತಡೆಯಲ್ಪಟ್ಟಿದ್ದೇ ಇಳಿಕೆಗೆ ಮುಖ್ಯ ಕಾರಣವೆಂದು ಶಿಕ್ಷಣ ಇಲಾಖೆ ತಿಳಿಸಿತು. ಆ ವರ್ಷ ಶಿವಮೊಗ್ಗ ಜಿಲ್ಲೆಯು ಶೇ 88.67 ಫಲಿತಾಂಶದೊಂದಿಗೆ ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳ ನಂತರದ ಮೂರನೆಯ ಸ್ಥಾನವನ್ನು ಪಡೆಯಿತು.

ಇಲ್ಲಿಯೂ "ಕಾಸ್ಟ್" ಎಂಬ ಪದವಿದ್ದರೂ ಸಾರ್ವಜನಿಕ ಪ್ರಸಾರವಿಲ್ಲ. ಪರೀಕ್ಷೆ ಬರೆಯುತ್ತಿರುವ ಬಾಲಕ ಬಾಲಕಿಯರ ಮುಖವನ್ನು ಊರಿನವರೆಲ್ಲರೂ ನೋಡುವ ವ್ಯವಸ್ಥೆ ಇದಲ್ಲ. ಪೋಷಕರು ಈ ಅಂಶವನ್ನು ಮಕ್ಕಳಿಗೆ ಮುಂಚಿತವಾಗಿ ತಿಳಿಸಿದಲ್ಲಿ, ಕ್ಯಾಮೆರಾದ ಬಗೆಗಿನ ಅನಗತ್ಯ ಭಯವು ದೂರವಾಗುವುದು.

ನ್ಯಾಯಾಲಯದ ನೇರಪ್ರಸಾರ

ಮೇಲಿನ ಎರಡಕ್ಕಿಂತ ನ್ಯಾಯಾಲಯದ ಸಂದರ್ಭವು ಭಿನ್ನವಾದುದು. ಸಾರ್ವಜನಿಕ ಮಹತ್ವದ ಪ್ರಕರಣಗಳ ಕಲಾಪವನ್ನು ನೇರಪ್ರಸಾರ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 26ರಂದು ಸ್ವಪ್ನಿಲ್ ತ್ರಿಪಾಠಿ ಪ್ರಕರಣದಲ್ಲಿ ತೀರ್ಪು ನೀಡಿತು. ಸಂವಿಧಾನ ಪೀಠಗಳ ಕಲಾಪದ ನೇರಪ್ರಸಾರವು 2022ರ ಸೆಪ್ಟೆಂಬರ್ 27ರಂದು ಆರಂಭವಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿಯೇ ಪ್ರಾಯೋಗಿಕವಾಗಿ ನೇರಪ್ರಸಾರ ನಡೆಸಿತು. ಈ ಬಗ್ಗೆ ರೂಪಿಸಿದ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದವು.

ನ್ಯಾಯಾಲಯದ ಕಲಾಪವು ಮೊದಲಿನಿಂದಲೂ ತೆರೆದ ಬಾಗಿಲಿನ ಕಲಾಪ. ಆದರೆ ರಿಪ್ಪನ್‌ಪೇಟೆಯ ಕಕ್ಷಿದಾರರೊಬ್ಬರು ಉಚ್ಚ ನ್ಯಾಯಾಲಯದಲ್ಲಿನ ತಮ್ಮ ಪ್ರಕರಣದ ವಾದವನ್ನು ಕೇಳಬೇಕಾದಲ್ಲಿ, ರಾತ್ರಿಯೆಲ್ಲಾ ಪ್ರಯಾಣ ಮಾಡಿ ಬೆಂಗಳೂರನ್ನು ತಲುಪಬೇಕಾಗಿತ್ತು. ನೇರಪ್ರಸಾರವು ಆ ದೂರವನ್ನು ಕಡಿಮೆ ಮಾಡಿದೆ. ವೈವಾಹಿಕ ವಿವಾದಗಳು, ಲೈಂಗಿಕ ಅಪರಾಧಗಳು, ಮಕ್ಕಳಿಗೆ ಸಂಬಂಧಿಸಿದ ಅಪರಾಧಗಳು ಮುಂತಾದ ಪ್ರಕರಣಗಳನ್ನು ಮಾತ್ರ ಇದರಿಂದ ಹೊರಗಿಡಲಾಗಿದೆ.

ಆದಾಗ್ಯೂ, ನೋಡುವ ಹಕ್ಕು ಎಂದರೆ ಮುದ್ರಿಸಿಕೊಂಡು ಹಂಚುವ ಹಕ್ಕು ಅಲ್ಲ. ಅನುಮತಿಯಿಲ್ಲದೆ ಕಲಾಪವನ್ನು ಮುದ್ರಿಸುವುದನ್ನು, ಮರುಪ್ರಸಾರ ಮಾಡುವುದನ್ನು ನಿಯಮಗಳು ನಿಷೇಧಿಸುತ್ತವೆ. ಕಲಾಪದ ಚಿಕ್ಕ ತುಣುಕುಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದ ಹಿನ್ನೆಲೆಯಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ ಉಚ್ಚ ನ್ಯಾಯಾಲಯವು ಅವುಗಳ ಅನಧಿಕೃತ ಬಳಕೆಗೆ ತಡೆಯೊಡ್ಡಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು, ಇಂತಹ ಸಮಸ್ಯೆಗಳಿಗೆ ಪ್ರಸಾರವನ್ನೇ ನಿಲ್ಲಿಸುವುದು ಪರಿಹಾರವಲ್ಲವೆಂಬ ನಿಲುವನ್ನು ವ್ಯಕ್ತಪಡಿಸಿತು.

ಪದ ಬಳಕೆಯಲ್ಲಿ ಅನುಸರಿಸಬಹುದಾದ ಕ್ರಮ

ಮೇಲಿನ ವಿವರಣೆಯಿಂದ, ಮತಗಟ್ಟೆ ಹಾಗೂ ಪರೀಕ್ಷಾ ಕೊಠಡಿಯ ವ್ಯವಸ್ಥೆಯು ನಿಗಾ ಸ್ವರೂಪದ್ದೆಂದೂ ನ್ಯಾಯಾಲಯದ ವ್ಯವಸ್ಥೆಯು ಪ್ರಸಾರ ಸ್ವರೂಪದ್ದೆಂದೂ ತಿಳಿದುಬರುತ್ತದೆ. ಪ್ರಕಟಣೆಗಳನ್ನು ಸಿದ್ಧಪಡಿಸುವವರು ಕೆಳಕಂಡ ಕ್ರಮವನ್ನು ಅನುಸರಿಸಿದಲ್ಲಿ ಜನರಿಗೆ ಅನುಕೂಲವಾಗುವುದು.

ಅ) ಸಾರ್ವಜನಿಕರೆಲ್ಲರೂ ನೋಡಬಹುದಾದಲ್ಲಿ "ನೇರಪ್ರಸಾರ" ಅಥವಾ "ಅಂತರಜಾಲ ನೇರಪ್ರಸಾರ" ಎಂದು ಬಳಸುವುದು.

ಆ) ಅಧಿಕಾರಿಗಳು ಮಾತ್ರ ನೋಡುವಂತಿದ್ದಲ್ಲಿ "ನೇರ ವೀಕ್ಷಣೆ" ಅಥವಾ "ನೇರ ನಿಗಾ" ಎಂದು ಬಳಸುವುದು. "ವೆಬ್‌ಕಾಸ್ಟಿಂಗ್" ಎಂದೇ ಬರೆಯಬೇಕಾದಲ್ಲಿ ಅದನ್ನು ಯಾರು ನೋಡುತ್ತಾರೆಂಬುದನ್ನು ಅದೇ ವಾಕ್ಯದಲ್ಲಿ ತಿಳಿಸುವುದು.

ಇ) ದೃಶ್ಯವನ್ನು ಸಂಗ್ರಹಿಸಿಡುವುದಾದಲ್ಲಿ "ಮುದ್ರಿಸಿಕೊಳ್ಳಲಾಗುವುದು" ಎಂದು ಪ್ರತ್ಯೇಕವಾಗಿ ನಮೂದಿಸುವುದು.

ಈ) ಮೊದಲೇ ಮುದ್ರಿಸಿದ ಕಾರ್ಯಕ್ರಮವನ್ನು "ನೇರ" ಎಂದು ಕರೆಯದಿರುವುದು.

ಉದಾಹರಣೆಗೆ, "ಮತಗಟ್ಟೆಯಲ್ಲಿ ವೆಬ್‌ಕಾಸ್ಟಿಂಗ್ ಇರುತ್ತದೆ" ಎಂಬುದಕ್ಕೆ ಬದಲಾಗಿ, "ಮತಗಟ್ಟೆಯ ಆವರಣವನ್ನು ಚುನಾವಣಾ ಅಧಿಕಾರಿಗಳು ಅಂತರಜಾಲದ ಮೂಲಕ ನೇರವಾಗಿ ವೀಕ್ಷಿಸುತ್ತಾರೆ, ಮತ ಹಾಕುವ ಮರೆಯ ಒಳಭಾಗವು ಯಾರಿಗೂ ಕಾಣುವುದಿಲ್ಲ" ಎಂದು ಬರೆಯಬಹುದು. ವಾಕ್ಯವು ದೀರ್ಘವಾದರೂ ಸಂಶಯಕ್ಕೆ ಆಸ್ಪದವಿರುವುದಿಲ್ಲ.

ಮಲೆನಾಡು ಮತ್ತು ಸಂಪರ್ಕ ಸಮಸ್ಯೆ

ನೇರಪ್ರಸಾರಕ್ಕೆ ನಿರಂತರ ವಿದ್ಯುತ್ ಹಾಗೂ ಅಂತರಜಾಲ ಸಂಪರ್ಕ ಅತ್ಯಗತ್ಯ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಹರಿಯುವ ದೃಶ್ಯವು ಒಂದು ಗಂಟೆಗೆ ಸುಮಾರು 450 ಮೆಗಾಬೈಟ್ ಮಾಹಿತಿಯನ್ನು ಬಳಸುತ್ತದೆ. ಬೆಳಿಗ್ಗೆ 7ರಿಂದ ಸಂಜೆ 6ರವರೆಗಿನ ಮತದಾನದ 11 ಗಂಟೆಗಳಿಗೆ ಲೆಕ್ಕ ಹಾಕಿದಲ್ಲಿ, ಒಂದು ಕ್ಯಾಮೆರಾಕ್ಕೆ ಸುಮಾರು 5 ಗಿಗಾಬೈಟ್ ಬೇಕಾಗುತ್ತದೆ. ಅದೂ ಸಹ ಸ್ಥಳದಿಂದ ಹೊರಕ್ಕೆ ಕಳುಹಿಸುವ ಮಾಹಿತಿ. ಮೊಬೈಲಿನಲ್ಲಿ ಚಲನಚಿತ್ರ ನೋಡಲು ಸಾಧ್ಯವಾಗುವ ಸ್ಥಳದಿಂದಲೂ ದೃಶ್ಯವನ್ನು ಹೊರಗೆ ಕಳುಹಿಸಲು ಸಾಧ್ಯವಾಗದಿರಬಹುದು.

ಗುಡ್ಡ, ಕಾಡು, ಹಿನ್ನೀರು, ಚದುರಿದ ಮನೆಗಳಿರುವ ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಸಂಪರ್ಕವು ಎಲ್ಲೆಡೆ ಸಮನಾಗಿಲ್ಲ. ನೆಟ್‌ವರ್ಕ್ ದೊರೆಯದಿದ್ದಲ್ಲಿ ಮತದಾನ ಮಾಡುವುದಿಲ್ಲವೆಂದು ಮಲೆನಾಡಿನ ಕೆಲವು ಗ್ರಾಮಸ್ಥರು ಘೋಷಿಸಿದ ಪ್ರಸಂಗಗಳೂ ಉಂಟು. ಮೊಬೈಲ್ ಸಂಪರ್ಕವಿಲ್ಲದ ದೇಶದ 24,680 ಗ್ರಾಮಗಳಿಗೆ 4ಜಿ ಸೇವೆ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜುಲೈನಲ್ಲಿ ಅನುಮೋದನೆ ನೀಡಿತು. ಸಂಪರ್ಕವಿಲ್ಲದ ಊರಿಗೆ ನೇರಪ್ರಸಾರದ ಪ್ರಯೋಜನವು ತಲುಪದು. ಆದ್ದರಿಂದ ಸಭೆ, ಸಮಾರಂಭ, ಕಲಾಪಗಳ ನೇರಪ್ರಸಾರವಿದ್ದರೂ, ಲಿಖಿತ ಪ್ರಕಟಣೆ ಹಾಗೂ ಸೂಚನಾ ಫಲಕದ ಪದ್ಧತಿಯನ್ನು ಕೈಬಿಡುವುದು ಸೂಕ್ತವಲ್ಲ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮತಗಟ್ಟೆಯಲ್ಲಿ ಕ್ಯಾಮೆರಾ ಇದ್ದಲ್ಲಿ ನಾನು ಯಾರಿಗೆ ಮತ ನೀಡಿದೆನೆಂಬುದು ತಿಳಿಯುತ್ತದೆಯೇ?
ಉತ್ತರ: ಇಲ್ಲ. ಮತ ಹಾಕುವ ಮರೆಯ ಒಳಭಾಗವು ಕಾಣುವಂತೆ ಕ್ಯಾಮೆರಾ ಇರಿಸುವಂತಿಲ್ಲ. ಹಾಗೆ ಇದೆಯೆಂಬ ಸಂಶಯ ಬಂದಲ್ಲಿ ಮತದಾರರು ಮತಗಟ್ಟೆಯ ಅಧ್ಯಕ್ಷಾಧಿಕಾರಿಯವರ ಗಮನಕ್ಕೆ ತಕ್ಷಣ ತರಬಹುದು.

ಪ್ರಶ್ನೆ: ನೇರಪ್ರಸಾರವು ನಡುವೆ ನಿಂತುಹೋದಲ್ಲಿ ಮತದಾನವೂ ನಿಲ್ಲುತ್ತದೆಯೇ?
ಉತ್ತರ: ಇಲ್ಲ. ವೆಬ್‌ಕಾಸ್ಟಿಂಗ್ ಎಂಬುದು ನಿಗಾ ವ್ಯವಸ್ಥೆಯೇ ಹೊರತು ಮತದಾನದ ಭಾಗವಲ್ಲ.

ಪ್ರಶ್ನೆ: ನ್ಯಾಯಾಲಯದ ನೇರಪ್ರಸಾರದ ತುಣುಕನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಬಹುದೇ?
ಉತ್ತರ: ಅನುಮತಿಯಿಲ್ಲದೆ ಮುದ್ರಿಸಿ ಹಂಚುವಂತಿಲ್ಲ.

ಪ್ರಶ್ನೆ: ಪಾಡ್‌ಕಾಸ್ಟ್ ಸಹ ನೇರಪ್ರಸಾರವೇ?
ಉತ್ತರ: ಸಾಮಾನ್ಯವಾಗಿ ಅಲ್ಲ. ಅದು ಮೊದಲೇ ಮುದ್ರಿಸಿ, ಕೇಳುಗರು ತಮಗೆ ಅನುಕೂಲವಾದ ವೇಳೆಯಲ್ಲಿ ಕೇಳಲೆಂದು ಅಂತರಜಾಲದಲ್ಲಿರಿಸುವ ಧ್ವನಿ ಕಾರ್ಯಕ್ರಮ.

ಉಪಸಂಹಾರ

ಪದವು ಇಂಗ್ಲಿಷಿನದಾಗಿರಲಿ ಕನ್ನಡದ್ದಾಗಿರಲಿ, ಅದು ಜನರಿಗೆ ವಿಷಯವನ್ನು ತಿಳಿಸಬೇಕೇ ಹೊರತು ಮರೆಮಾಡಬಾರದು. "ವೆಬ್‌ಕಾಸ್ಟಿಂಗ್" ಎಂಬ ಪದವನ್ನು ಕೇಳಿದಾಗ ನಾಗರಿಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು: ಇದನ್ನು ಯಾರು ನೋಡುತ್ತಾರೆ? ಇದನ್ನು ಉಳಿಸಿಕೊಳ್ಳಲಾಗುತ್ತದೆಯೇ? ಇದನ್ನು ಹಂಚಲು ಅನುಮತಿಯಿದೆಯೇ? ಈ ಮೂರಕ್ಕೆ ಉತ್ತರ ದೊರೆತಲ್ಲಿ ಪದದ ಅರ್ಥವು ತಾನಾಗಿಯೇ ಸ್ಪಷ್ಟವಾಗುತ್ತದೆ. ಪ್ರಕಟಣೆಯಲ್ಲಿ ಉತ್ತರವಿಲ್ಲದಿದ್ದಲ್ಲಿ ಸಂಬಂಧಪಟ್ಟ ಕಚೇರಿಯನ್ನು ವಿಚಾರಿಸಿ ತಿಳಿದುಕೊಳ್ಳುವುದು ಪ್ರತಿಯೊಬ್ಬ ನಾಗರಿಕರ ಹಕ್ಕಾಗಿದೆ.